ಫಿಟ್ಜ್‌ರಾಯ್ ಕೊಲ್ಲಿಯಲ್ಲಿ ಐದು ಗಂಟೆ: ಫಾಕ್‌ಲ್ಯಾಂಡ್ ಯುದ್ಧದ ಒಂದು ಪ್ರಕರಣ ಅಧ್ಯಯನ

1982ರ ಜೂನ್ 8ರ ಬೆಳಿಗ್ಗೆ, ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಫಿಟ್ಜ್‌ರಾಯ್ ಎಂಬ ಕುರಿಸಾಕಣೆಯ ಪುಟ್ಟ ಊರಿನೆದುರಿನ ಕೊಲ್ಲಿಯಲ್ಲಿ ಬ್ರಿಟನ್ನಿನ ಎರಡು ಸಾಗಣೆ ಹಡಗುಗಳು ಲಂಗರು ಹಾಕಿ ನಿಂತಿದ್ದವು. 'ಸರ್ ಟ್ರಿಸ್ಟ್ರಮ್' ಹಿಂದಿನ ದಿನವೇ ಬಂದು ಮದ್ದುಗುಂಡು ಇಳಿಸುತ್ತಿತ್ತು. 'ಸರ್ ಗ್ಯಾಲಹಾಡ್' ಬೆಳಕು ಹರಿದ ಮೇಲೆ ಬಂದು ಸೇರಿತು. ಅದರೊಳಗೆ ವೆಲ್ಷ್ ಗಾರ್ಡ್ಸ್ ಬೆಟಾಲಿಯನ್ನಿನ ಸುಮಾರು ಅರ್ಧದಷ್ಟು ಸೈನಿಕರು, ಒಂದು ಯುದ್ಧಭೂಮಿ ವೈದ್ಯಕೀಯ ಘಟಕ ಮತ್ತು ವಿಮಾನಗಳನ್ನು ಹೊಡೆದುರುಳಿಸುವ ರೇಪಿಯರ್ ಕ್ಷಿಪಣಿಗಳ ಒಂದು ತುಕಡಿ ಇದ್ದವು. ಆಕಾಶ ತಿಳಿಯಾಗಿತ್ತು. ಶತ್ರುವಿನ ವೀಕ್ಷಕರು ಕುಳಿತಿದ್ದ ಮೌಂಟ್ ಹ್ಯಾರಿಯೆಟ್ ಬೆಟ್ಟದಿಂದ ಈ ಹಡಗುಗಳ ಪಟಸ್ತಂಭಗಳು ಕಾಣುತ್ತಿದ್ದವು. ದಡ ಕೂಗಳತೆಯ ದೂರದಲ್ಲಿದ್ದರೂ ಗಾರ್ಡ್ಸ್ ಸೈನಿಕರು ಐದು ಗಂಟೆಗೂ ಹೆಚ್ಚು ಕಾಲ ಹಡಗಿನಲ್ಲೇ ಉಳಿದರು. ಮಧ್ಯಾಹ್ನ ಅರ್ಜೆಂಟೀನಾದ ಐದು ಸ್ಕೈಹಾಕ್ ವಿಮಾನಗಳು ಎರಗಿದವು. ಗ್ಯಾಲಹಾಡ್‌ನಲ್ಲಿ 48 ಮಂದಿ ಸತ್ತರು, ಅವರಲ್ಲಿ 32 ಮಂದಿ ವೆಲ್ಷ್ ಗಾರ್ಡ್ಸ್‌ನವರು. ಟ್ರಿಸ್ಟ್ರಮ್‌ನಲ್ಲಿ ಇಬ್ಬರು ಸತ್ತರು. ಅದೇ ಸಂಜೆ ಹತ್ತಿರದ ನೀರಿನಲ್ಲಿ ದಾಳಿಗೆ ಸಿಕ್ಕ ಒಂದು ದೋಣಿಯಲ್ಲಿ ಇನ್ನೂ ಆರು ಮಂದಿ ಪ್ರಾಣ ಬಿಟ್ಟರು. ಇಡೀ ಯುದ್ಧದಲ್ಲಿ ಬ್ರಿಟನ್ ಕಳೆದುಕೊಂಡದ್ದು 255 ಮಂದಿಯನ್ನು. ಐದರಲ್ಲೊಂದು ಪಾಲಿಗಿಂತ ಹೆಚ್ಚು ಸಾವು ಈ ಒಂದೇ ದಿನದ್ದು.

ಈ ಘಟನೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲು ಕೇಳುವುದು, ಸೈನಿಕರನ್ನು ಕೂಡಲೇ ಇಳಿಸದಿದ್ದ ತಪ್ಪು ಯಾರದು ಎಂಬ ಪ್ರಶ್ನೆಯನ್ನು. ಪ್ರಶ್ನೆ ಸಹಜವಾದದ್ದೇ. ಆದರೆ ಆ ಬೆಳಗಿನ ಹಡಗಿನ ಮೇಲೆ ಮಾತ್ರ ಕಣ್ಣಿಟ್ಟರೆ, ಹಿಂದಿನ ಎರಡು ವಾರಗಳಲ್ಲಿ ಕಡಲಿನಲ್ಲಿಯೂ ನೆಲದ ಮೇಲೆಯೂ ಬೇರೆಬೇರೆ ಜನ ತೆಗೆದುಕೊಂಡ ನಿರ್ಧಾರಗಳು ಹೇಗೆ ಒಂದರ ಹೊರೆಯನ್ನು ಇನ್ನೊಂದರ ಹೆಗಲಿಗೆ ದಾಟಿಸುತ್ತಾ ಬಂದು, ಕೊನೆಗೆ ಏನೂ ಗೊತ್ತಿಲ್ಲದ ಕೆಲವು ಅಧಿಕಾರಿಗಳ ಕೈಗೆ ಬಿದ್ದವು ಎಂಬುದು ಕಾಣದೆ ಹೋಗುತ್ತದೆ. ಈ ಅಧ್ಯಯನದ ಗಮನ ಇರುವುದು ಆ ದಾಟುವಿಕೆಯ ಮೇಲೆ.

ಹಡಗೊಂದು ಸುಟ್ಟಾಗ ಸೈನ್ಯದ ಕಾಲು ಮುರಿದದ್ದು

ಅರ್ಜೆಂಟೀನಾದವರು ಮಾಲ್ವಿನಾಸ್ ಎಂದು ಕರೆಯುವ ಈ ದ್ವೀಪಗಳನ್ನು ಅವರ ಸೇನೆ 1982ರ ಏಪ್ರಿಲ್ 2ರಂದು ವಶಪಡಿಸಿಕೊಂಡಿತು. ಬ್ರಿಟನ್ ಏಪ್ರಿಲ್ 5ರಂದು ಪೋರ್ಟ್ಸ್‌ಮತ್‌ನಿಂದ ವಿಮಾನವಾಹಕ ನೌಕೆಗಳಾದ 'ಹರ್ಮಿಸ್' ಮತ್ತು 'ಇನ್ವಿನ್ಸಿಬಲ್' ಅನ್ನು ಹೊರಡಿಸಿತು. ಹರ್ಮಿಸ್ ಎಂದರೆ ನಮ್ಮವರಿಗೆ ಪರಿಚಿತ ಹಡಗು. 1986ರಲ್ಲಿ ಭಾರತ ಅದನ್ನು ಕೊಂಡು, ಮರುವರ್ಷ 'ಐಎನ್‌ಎಸ್ ವಿರಾಟ್' ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು, 2017ರವರೆಗೂ ಅದು ನಮ್ಮ ನೌಕಾದಳದಲ್ಲಿತ್ತು. ಈ ಯುದ್ಧದಲ್ಲಿ ಅದು ರಿಯರ್ ಅಡ್ಮಿರಲ್ ಸ್ಯಾಂಡಿ ವುಡ್‌ವರ್ಡ್ ಅವರ ಧ್ವಜನೌಕೆಯಾಗಿತ್ತು. ಅದು ಈ ಪ್ರಕರಣದಲ್ಲಿ ಮುಂದೆ ಮತ್ತೊಮ್ಮೆ ಬರಲಿದೆ.

ಮೇ 21ರಂದು ಬ್ರಿಟಿಷ್ ಸೇನೆ ಪೂರ್ವ ದ್ವೀಪದ ಪಶ್ಚಿಮ ಅಂಚಿನ ಸ್ಯಾನ್ ಕಾರ್ಲೋಸ್‌ನಲ್ಲಿ ಇಳಿಯಿತು. ರಾಜಧಾನಿ ಸ್ಟ್ಯಾನ್ಲಿ ಇದ್ದದ್ದು ಪೂರ್ವದ ಅಂಚಿನಲ್ಲಿ, ಸುಮಾರು 80 ಕಿ.ಮೀ. ಆಚೆ. ನಡುವಿನ ನೆಲದಲ್ಲಿ ರಸ್ತೆಯಿಲ್ಲ. ಜೌಗು, ಕಾಲು ಹೊರಳಿಸುವ ಹುಲ್ಲುಗಡ್ಡೆಗಳು, ಹೊಳೆಯಂತೆ ಹರಡಿದ ಬಂಡೆರಾಶಿಗಳು. ಇಂಥ ನೆಲವನ್ನು ದಾಟಲು ಹೆಲಿಕಾಪ್ಟರುಗಳನ್ನೇ ನಂಬಿ ಯೋಜನೆ ಹಾಕಲಾಗಿತ್ತು. ಮೇ 25ರಂದು ಎಕ್ಸೋಸೆ ಕ್ಷಿಪಣಿಗಳ ದಾಳಿಗೆ ಸಿಕ್ಕು 'ಅಟ್ಲಾಂಟಿಕ್ ಕನ್ವೇಯರ್' ಎಂಬ ಸರಕು ಹಡಗು ಸುಟ್ಟುಹೋಯಿತು. ಅದರ ಕಪ್ತಾನರೂ ಸೇರಿ ಹನ್ನೆರಡು ಮಂದಿ ಸತ್ತರು. ಅದರ ಜೊತೆಗೆ ಮೂರು ಚಿನೂಕ್ ಮತ್ತು ಆರು ವೆಸೆಕ್ಸ್ ಹೆಲಿಕಾಪ್ಟರುಗಳು ನಾಶವಾದವು. ದಾಳಿಯ ಹೊತ್ತಿಗೆ ಗಾಳಿಯಲ್ಲಿದ್ದ ಒಂದೇ ಒಂದು ಚಿನೂಕ್ ಉಳಿಯಿತು.

ಹೀಗೆ ಕಡಲಿನ ಒಂದು ನಷ್ಟ ಅದೇ ದಿನ ನೆಲದ ಯುದ್ಧದ ನಕ್ಷೆಯನ್ನು ಬದಲಿಸಿತು. ಬ್ರಿಗೇಡಿಯರ್ ಜೂಲಿಯನ್ ಥಾಂಪ್ಸನ್ ಅವರ ಮೂರನೇ ಕಮಾಂಡೊ ಬ್ರಿಗೇಡಿನ ಎರಡು ಪಡೆಗಳು ಬೆನ್ನ ಮೇಲೆ ಭಾರ ಹೊತ್ತು ಉತ್ತರದ ದಾರಿಯಲ್ಲಿ ನಡೆದೇ ಹೊರಟವು. ಉಳಿದ ಹೆಲಿಕಾಪ್ಟರುಗಳು ಫಿರಂಗಿ ಮತ್ತು ಅವುಗಳ ಗುಂಡುಗಳನ್ನು ಮುಂದಕ್ಕೆ ಒಯ್ಯುವುದರಲ್ಲೇ ದಣಿದವು.

ಇಂಥ ಸ್ಥಿತಿಯಲ್ಲಿ ಜೂನ್ ಆರಂಭದಲ್ಲಿ ಐದನೇ ಪದಾತಿ ಬ್ರಿಗೇಡ್ ಬಂದಿಳಿಯಿತು. ಅದರ ನಾಯಕರು ಬ್ರಿಗೇಡಿಯರ್ ಟೋನಿ ವಿಲ್ಸನ್. ಈ ಬ್ರಿಗೇಡಿನದ್ದೇ ಆಗಿದ್ದ ಎರಡು ಪ್ಯಾರಾಚೂಟ್ ಬೆಟಾಲಿಯನ್‌ಗಳನ್ನು ಮೊದಲೇ ಕಮಾಂಡೊ ಬ್ರಿಗೇಡಿಗೆ ಕೊಟ್ಟುಬಿಟ್ಟಿದ್ದರು. ಆ ಜಾಗಕ್ಕೆ ಅರಮನೆ ಕಾವಲಿಗೆ ಹೆಸರಾದ ಸ್ಕಾಟ್ಸ್ ಗಾರ್ಡ್ಸ್ ಮತ್ತು ವೆಲ್ಷ್ ಗಾರ್ಡ್ಸ್ ಬೆಟಾಲಿಯನ್‌ಗಳು ಬಂದವು. ಮೂರನೆಯದು ಗೂರ್ಖಾ ರೈಫಲ್ಸ್‌ನ ಒಂದು ಬೆಟಾಲಿಯನ್. ಕಮಾಂಡೊಗಳು ಹಡಗಿನಿಂದ ನೆಲಕ್ಕಿಳಿಯುವುದನ್ನೇ ಕಸುಬಾಗಿಸಿಕೊಂಡವರು. ಗಾರ್ಡ್ಸ್‌ಗೆ ಆ ಅಭ್ಯಾಸವಿರಲಿಲ್ಲ, ಒಟ್ಟಾಗಿ ತರಬೇತಿ ನಡೆಸಲು ಸಿಕ್ಕ ಕಾಲವೂ ಅತ್ಯಲ್ಪ. ಜೂನ್ 3ರಂದು ವೆಲ್ಷ್ ಗಾರ್ಡ್ಸ್ ಸ್ಯಾನ್ ಕಾರ್ಲೋಸ್‌ನಿಂದ ಗೂಸ್ ಗ್ರೀನ್ ಕಡೆಗೆ ನಡೆಯಲು ಹೊರಟು, ಸಾಮಾನು ಹೊತ್ತ ವಾಹನಗಳು ಕೆಸರಿನಲ್ಲಿ ಕೆಟ್ಟು ನಿಂತಾಗ ಅರ್ಧ ದಾರಿಯಿಂದ ಹಿಂದಿರುಗಬೇಕಾಯಿತು. ಈ ಹಿಂದಿರುಗುವಿಕೆಯನ್ನು ಕೆಲವರು ದೌರ್ಬಲ್ಯವೆಂದು ಬರೆದಿದ್ದಾರೆ. ನನಗೆ ಆ ಮಾತು ನ್ಯಾಯವೆನಿಸುವುದಿಲ್ಲ. ಭಾರದ ಆಯುಧ ಮತ್ತು ಗುಂಡುಗಳನ್ನು ಹಿಂದೆ ಬಿಟ್ಟು ಮುಂದೆ ಹೋದ ಬೆಟಾಲಿಯನ್ ಗುರಿ ತಲುಪಿದರೂ ಯುದ್ಧ ಮಾಡಲಾರದು.

ಒಂದು ದೂರವಾಣಿ ಕರೆ

ಪ್ರಕರಣದ ಬೀಜ ಬಿದ್ದದ್ದು ಜೂನ್ 2ರಂದು. ಗೂಸ್ ಗ್ರೀನ್ ಗೆದ್ದಿದ್ದ ಎರಡನೇ ಪ್ಯಾರಾ ಬೆಟಾಲಿಯನ್ ಈಗ ವಿಲ್ಸನ್ ಅವರ ಕೈಕೆಳಗೆ ಬಂದಿತ್ತು. ಅಲ್ಲಿಂದ ಪೂರ್ವಕ್ಕೆ ಸ್ವಾನ್ ಇನ್ಲೆಟ್ ಎಂಬ ಕಡೆ ಒಂದು ಖಾಲಿ ಮನೆಯಿದ್ದು, ಅದರಲ್ಲಿ ಊರೂರಿಗೆ ತಂತಿ ಎಳೆದಿದ್ದ ಹಳೆಯ ದೂರವಾಣಿ ಇತ್ತು. ಸಣ್ಣ ಹೆಲಿಕಾಪ್ಟರುಗಳಲ್ಲಿ ಹೋದ ಪ್ಯಾರಾಗಳ ಒಂದು ಗುಂಪು ಅಲ್ಲಿಂದ ಫಿಟ್ಜ್‌ರಾಯ್‌ಗೆ ಕರೆ ಮಾಡಿತು. ಊರಿನವರು ಕರೆ ಎತ್ತಿಕೊಂಡು, ಅರ್ಜೆಂಟೀನಾದವರು ಸೇತುವೆಗೆ ಸಿಡಿಮದ್ದು ಇಟ್ಟು ಹಾಳುಮಾಡಿ ಹೊರಟುಹೋಗಿದ್ದಾರೆಂದು ತಿಳಿಸಿದರು. ಸ್ಟ್ಯಾನ್ಲಿಗೆ ಮೂವತ್ತು ಕಿ.ಮೀ. ಒಳಗಿನ ಫಿಟ್ಜ್‌ರಾಯ್ ಮತ್ತು ಅದರಾಚೆಯ ಬ್ಲಫ್ ಕೋವ್ ಎರಡೂ ಕಾವಲಿಲ್ಲದೆ ಬಿದ್ದಿದ್ದವು.

ವಿಲ್ಸನ್ ಕಾಯಲಿಲ್ಲ. ಬೇರೆ ಕೆಲಸಕ್ಕೆಂದು ಬಂದಿದ್ದ ಆ ಒಂದೇ ಚಿನೂಕ್ ಅನ್ನು ಬಳಸಿಕೊಂಡು, ಸುಮಾರು ನಲವತ್ತು ಮಂದಿ ಕೂರಬೇಕಾದ ಜಾಗದಲ್ಲಿ ಮೊದಲ ಸಾರಿಗೇ 81 ಮಂದಿ ಪ್ಯಾರಾಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಮುಂದಕ್ಕೆ ಒಯ್ಯಲಾಯಿತು. ಈ ಚಲನೆಯ ಸುದ್ದಿ ಸ್ಯಾನ್ ಕಾರ್ಲೋಸ್‌ನಲ್ಲಿದ್ದ, ನೆಲದ ಸೇನೆಯ ಒಟ್ಟು ನಾಯಕ ಮೇಜರ್ ಜನರಲ್ ಜೆರೆಮಿ ಮೂರ್ ಅವರ ಕೇಂದ್ರಕ್ಕೆ ಸಕಾಲದಲ್ಲಿ ಹೋಗಿರಲಿಲ್ಲ. ಬೆಟ್ಟದಲ್ಲಿದ್ದ ಬ್ರಿಟಿಷ್ ವೀಕ್ಷಕರು ಈ ಸೈನಿಕರನ್ನು ಶತ್ರುಗಳೆಂದು ತಿಳಿದು ಫಿರಂಗಿ ಹೊಡೆಸುವ ಹಂತಕ್ಕೆ ಬಂದಿದ್ದರು. ಮೋಡ ಸರಿದು ಹೆಲಿಕಾಪ್ಟರಿನ ಆಕಾರ ಗುರುತಾದದ್ದರಿಂದ ಅನಾಹುತ ತಪ್ಪಿತು.

ನೆಲದ ಯುದ್ಧದ ದೃಷ್ಟಿಯಿಂದ ಈ ಜಿಗಿತ ಜಾಣತನದ್ದಾಗಿ ಕಂಡರೆ ಆಶ್ಚರ್ಯವಿಲ್ಲ. ಒಂದು ಸಂಜೆಯಲ್ಲಿ, ಒಂದು ಗುಂಡೂ ಹಾರದೆ ಹಲವು ದಿನಗಳ ನಡಿಗೆ ಉಳಿಯಿತು. ಆದರೆ ಹಾಗೆ ಮುಂದೆ ಹೋದ ಪ್ಯಾರಾಗಳಿಗೆ ಫಿರಂಗಿಯ ಬೆಂಬಲವಿಲ್ಲ, ಹಿಂದೆ ಯಾರೂ ಇಲ್ಲ, ಅವರನ್ನು ಮತ್ತೆ ಹೊತ್ತು ತರಲು ಹೆಲಿಕಾಪ್ಟರ್ ಇಲ್ಲ. ಅವರನ್ನು ಅಲ್ಲಿ ಒಂಟಿಯಾಗಿ ಬಿಡುವಂತಿರಲಿಲ್ಲ. ಬಲ ತುಂಬಲು ಎರಡು ಬೆಟಾಲಿಯನ್‌ಗಳನ್ನು ಒಯ್ಯಬೇಕಿತ್ತು. ನೆಲದ ದಾರಿ ಸಾಗದೆಂದು ವೆಲ್ಷ್ ಗಾರ್ಡ್ಸ್‌ನ ನಡಿಗೆ ತೋರಿಸಿಕೊಟ್ಟಿತ್ತು. ಉಳಿದದ್ದು ದಕ್ಷಿಣದ ಕಡಲು. ಒಬ್ಬ ಪದಾತಿ ನಾಯಕ ಹಡಗಿನವರನ್ನು ಕೇಳದೆ ತೆಗೆದುಕೊಂಡ ನಿರ್ಧಾರ, ಹಡಗಿನವರು ಎಂದೂ ಯೋಜಿಸದಿದ್ದ ಎರಡನೆಯ ಕಡಲ ದಾರಿಯೊಂದನ್ನು ತೆರೆಯುವಂತೆ ಮಾಡಿತು. ಸ್ಯಾನ್ ಕಾರ್ಲೋಸ್‌ನಲ್ಲಿ ಹಡಗುಗಳಿಗಾಗಿ ಹೆಣೆದಿದ್ದ ಕ್ಷಿಪಣಿಗಳ ಮತ್ತು ಯುದ್ಧನೌಕೆಗಳ ರಕ್ಷಣಾಬೇಲಿ ಈ ಹೊಸ ದಾರಿಯ ಕೊನೆಯಲ್ಲಿ ಇರಲಿಲ್ಲ.

ಮೂರು ರಾತ್ರಿಗಳು

ಸೈನ್ಯ ಇಳಿಸುವ ನೌಕೆಗಳ ಹೊಣೆ ಕಮಡೋರ್ ಮೈಕೆಲ್ ಕ್ಲ್ಯಾಪ್ ಅವರದು. ಅವರ ಬಳಿ ಎರಡು ದೊಡ್ಡ ನೌಕೆಗಳಿದ್ದವು, 'ಫಿಯರ್‌ಲೆಸ್' ಮತ್ತು 'ಇಂಟ್ರೆಪಿಡ್'. ಇವುಗಳ ಹಿಂಭಾಗದ ಹೊಟ್ಟೆಯೊಳಗೆ ನೀರು ತುಂಬಿಸಿ, ದಡಕ್ಕೆ ಹೋಗುವ ಚಪ್ಪಟೆ ತಳದ ದೊಡ್ಡ ದೋಣಿಗಳನ್ನು ನೇರವಾಗಿ ತೇಲಿಸಿ ಬಿಡಬಹುದಿತ್ತು. ಇಂಥ ನೌಕೆಗಳು ಬ್ರಿಟನ್ನಿನ ಹತ್ತಿರ ಇದ್ದದ್ದು ಈ ಎರಡೇ. ಒಂದು ಮುಳುಗಿದರೂ ಸೈನ್ಯಕ್ಕೆ ಪೆಟ್ಟು ಬೀಳುವುದರ ಜೊತೆಗೆ, ಕದನವಿರಾಮಕ್ಕೆ ಒತ್ತಡ ಬರುತ್ತಿದ್ದ ಆ ದಿನಗಳಲ್ಲಿ ಲಂಡನ್ ಸರಕಾರದ ಕೈ ದುರ್ಬಲವಾಗುತ್ತದೆಂಬ ಭಯ ಲಂಡನ್ ಬಳಿಯ ನಾರ್ತ್‌ವುಡ್ ಕೇಂದ್ರದಿಂದ ಇಡೀ ಕಾರ್ಯಾಚರಣೆ ನಡೆಸುತ್ತಿದ್ದ ಅಡ್ಮಿರಲ್ ಜಾನ್ ಫೀಲ್ಡ್‌ಹೌಸ್ ಅವರಿಗಿತ್ತು.

ಜೂನ್ 5ರ ರಾತ್ರಿ ಇಂಟ್ರೆಪಿಡ್ ಸ್ಕಾಟ್ಸ್ ಗಾರ್ಡ್ಸ್ ಅನ್ನು ಹೊತ್ತು ದಕ್ಷಿಣಕ್ಕೆ ಹೊರಟಿತು. ದಡದ ಕ್ಷಿಪಣಿಗಳ ಭಯದಿಂದ ಅದು ಬ್ಲಫ್ ಕೋವ್‌ವರೆಗೂ ಹೋಗದೆ, ಲೈವ್ಲಿ ದ್ವೀಪದ ಬಳಿಯೇ ನಾಲ್ಕು ದೋಣಿಗಳನ್ನು ನೀರಿಗಿಳಿಸಿ ತಿರುಗಿಕೊಂಡಿತು. ದೋಣಿಗಳ ನಾಯಕ ಮೇಜರ್ ಯುವನ್ ಸೌತ್‌ಬಿ-ಟೇಲಿಯರ್. ಯುದ್ಧಕ್ಕೆ ಮುಂಚೆ ಇದೇ ದ್ವೀಪಗಳ ಕರಾವಳಿಯನ್ನು ಹಾಯಿದೋಣಿಯಲ್ಲಿ ಸುತ್ತಿ ನಕ್ಷೆ ಬರೆದಿಟ್ಟುಕೊಂಡಿದ್ದವರು. ಕತ್ತಲು, ಹುಚ್ಚು ಗಾಳಿ, ತೆರೆದ ದೋಣಿಗಳಲ್ಲಿ ನೆನೆದು ಮರಗಟ್ಟಿದ ಸೈನಿಕರು, ಸುಮಾರು ಏಳು ಗಂಟೆಗಳ ಪಯಣ. ದಾರಿಯಲ್ಲಿ ತಮ್ಮದೇ ನೌಕೆ 'ಕಾರ್ಡಿಫ್' ಇವರನ್ನು ಶತ್ರುವೆಂದು ಶಂಕಿಸಿ ಬೆಳಕಿನ ಗುಂಡು ಹಾರಿಸಿತು. ಆ ದೋಣಿಗಳು ಅಲ್ಲಿರುತ್ತವೆಂದು ಯಾರೂ ಅದಕ್ಕೆ ಹೇಳಿರಲಿಲ್ಲ.

ಅದೇ ರಾತ್ರಿ ಕಾರ್ಡಿಫ್ ನಿಜವಾಗಿಯೂ ಒಂದು ತಪ್ಪು ಗುರಿ ಹೊಡೆಯಿತು. ಸೇನೆಯ ಗೆಜೆಲ್ ಹೆಲಿಕಾಪ್ಟರ್ ಒಂದನ್ನು ಶತ್ರು ವಿಮಾನವೆಂದು ಬಗೆದು ಕ್ಷಿಪಣಿ ಬಿಟ್ಟಿತು, ನಾಲ್ವರು ಸತ್ತರು. ಆ ಹೆಲಿಕಾಪ್ಟರ್ ಹೊರಟಿದ್ದು ಬೆಟ್ಟದ ಮೇಲಿನ ರೇಡಿಯೊ ಮರುಪ್ರಸಾರ ಠಾಣೆಗೆ. ಮುಂದೆ ಹೋದ ಪಡೆಗಳಿಗೂ ಹಿಂದೆ ಉಳಿದ ಬ್ರಿಗೇಡ್ ಕೇಂದ್ರಕ್ಕೂ ಮಾತು ದಾಟಿಸುತ್ತಿದ್ದ ಠಾಣೆ ಅದು. ಮೂರು ದಿನಗಳ ನಂತರ ಫಿಟ್ಜ್‌ರಾಯ್‌ನಲ್ಲಿ ಒಂದು ಹಡಗು ಬರುತ್ತಿದೆಯೆಂಬುದೇ ದಡದಲ್ಲಿದ್ದವರಿಗೆ ಗೊತ್ತಿರಲಿಲ್ಲ ಎಂಬುದನ್ನು ಓದುವಾಗ ಈ ನಾಲ್ಕು ಸಾವುಗಳನ್ನು ಮರೆಯಬಾರದು. ಮಾತು ಹರಿಯುವ ದಾರಿಯೇ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಕಿಲ್ಲ.

ಜೂನ್ 6ರ ರಾತ್ರಿ ಫಿಯರ್‌ಲೆಸ್‌ನ ಸರದಿ. ಅದು ವೆಲ್ಷ್ ಗಾರ್ಡ್ಸ್ ಅನ್ನು ಒಯ್ದಿತು. ಹಿಂದಿನ ರಾತ್ರಿ ಬ್ಲಫ್ ಕೋವ್‌ನಲ್ಲಿ ಉಳಿದ ದೋಣಿಗಳು ಎದುರು ಬಂದು ಸೈನಿಕರನ್ನು ಇಳಿಸಿಕೊಳ್ಳಬೇಕೆಂಬುದು ಲೆಕ್ಕ. ಕೆಟ್ಟ ಹವೆಯಿಂದ ಅವು ಬರಲಿಲ್ಲ. ಫಿಯರ್‌ಲೆಸ್ ತನ್ನ ಹೊಟ್ಟೆಯಲ್ಲಿದ್ದ ಎರಡೇ ದೋಣಿಗಳಲ್ಲಿ ಅರ್ಧ ಬೆಟಾಲಿಯನ್ ಕಳುಹಿಸಿ, ಉಳಿದರ್ಧವನ್ನು ಹೊತ್ತು ಬೆಳಗಾಗುವ ಮೊದಲೇ ಸ್ಯಾನ್ ಕಾರ್ಲೋಸ್‌ಗೆ ಮರಳಿತು. ಇನ್ನೊಂದು ರಾತ್ರಿ ಅದೇ ನೌಕೆಯನ್ನು ಕಳುಹಿಸಿದ್ದರೆ ಕೆಲಸ ಮುಗಿಯುತ್ತಿತ್ತು. ನಾರ್ತ್‌ವುಡ್ ಅದಕ್ಕೆ ಒಪ್ಪಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫೀಲ್ಡ್‌ಹೌಸ್ ಅವರ ಭಯ ಆಧಾರವಿಲ್ಲದ್ದಲ್ಲ. ಎರಡು ವಾರಗಳಲ್ಲಿ ಆರ್ಡೆಂಟ್, ಆಂಟಿಲೋಪ್, ಕವೆಂಟ್ರಿ ಎಂಬ ಮೂರು ಯುದ್ಧನೌಕೆಗಳು ವಿಮಾನದಾಳಿಗೆ ಮುಳುಗಿದ್ದವು. ಆದರೆ ಅರ್ಧ ಬೆಟಾಲಿಯನ್ ಹಿಂದುಳಿದಿತ್ತು, ಅದನ್ನು ಒಯ್ಯಲೇಬೇಕಿತ್ತು. ದೊಡ್ಡ ನೌಕೆಯನ್ನು ತಡೆದಾಗ ಅಪಾಯ ತೊಲಗಲಿಲ್ಲ, ಅದು ಸಣ್ಣ ಹಡಗಿಗೆ ದಾಟಿತು. ಸರ್ ಗ್ಯಾಲಹಾಡ್ ಯುದ್ಧನೌಕೆಯೇ ಅಲ್ಲ. ನೌಕಾದಳಕ್ಕೆ ಸರಕು ಒದಗಿಸುವ 'ರಾಯಲ್ ಫ್ಲೀಟ್ ಆಕ್ಸಿಲಿಯರಿ'ಗೆ ಸೇರಿದ ಅದನ್ನು ನಡೆಸುತ್ತಿದ್ದವರು ವ್ಯಾಪಾರಿ ಹಡಗಿನ ನಾವಿಕರು, ಅವರಲ್ಲಿ ಹಲವರು ಹಾಂಗ್‌ಕಾಂಗ್‌ನ ಚೀನೀಯರು. ರಕ್ಷಣೆಗೆ ಇದ್ದದ್ದು ಕೆಲವು ಹಳೆಯ ಮಾದರಿಯ ಬಂದೂಕುಗಳು. ಜೊತೆಗೆ ಕಾವಲು ನೌಕೆ ಯಾವುದೂ ಬರಲಿಲ್ಲ. ಲಂಡನ್ನಿನ ಮೇಜಿನ ಮೇಲೆ 'ನಷ್ಟವಾದರೂ ತಾಳಿಕೊಳ್ಳಬಹುದಾದ' ಹಡಗು ಅದಾಗಿತ್ತು. ಒಳಗೆ ಕೂತವರ ತಲೆಯ ಎಣಿಕೆ ಆ ಲೆಕ್ಕದಲ್ಲಿ ಬೇರೆಯಾಗಿ ಕಾಣಲಿಲ್ಲ.

ಜೂನ್ 7 ಮತ್ತು 8

ಗ್ಯಾಲಹಾಡ್ ಜೂನ್ 7ರ ಸಂಜೆ ಕತ್ತಲಾಗುತ್ತಲೇ ಹೊರಡಬೇಕಿತ್ತು. ವೆಲ್ಷ್ ಗಾರ್ಡ್ಸ್ ಅನ್ನು ಬ್ಲಫ್ ಕೋವ್‌ನಲ್ಲಿ ಇಳಿಸಿ, ಬಳಿಕ ಫಿಟ್ಜ್‌ರಾಯ್‌ಗೆ ಹೋಗಬೇಕೆಂಬುದು ಮೊದಲ ಯೋಜನೆ. ವೈದ್ಯಕೀಯ ಘಟಕವನ್ನೂ ಅದರ ವಾಹನಗಳನ್ನೂ ಹತ್ತಿಸುವುದರಲ್ಲಿ ಗಂಟೆಗಟ್ಟಲೆ ಹೋಯಿತು. ದಕ್ಷಿಣ ಗೋಲಾರ್ಧದ ಚಳಿಗಾಲದಲ್ಲಿ ಕತ್ತಲು ಬೇಕಾದಷ್ಟು ಇರುತ್ತದೆ, ಆದರೆ ಆ ಹೊತ್ತಿಗೆ ಅದರ ಬಹುಪಾಲು ಸ್ಯಾನ್ ಕಾರ್ಲೋಸ್‌ನಲ್ಲೇ ಖರ್ಚಾಗಿಹೋಗಿತ್ತು. ಹಡಗಿನ ಕಪ್ತಾನ್ ಫಿಲಿಪ್ ರಾಬರ್ಟ್ಸ್ ಪಯಣವನ್ನು ಮರುದಿನದ ರಾತ್ರಿಗೆ ಮುಂದೂಡುವುದು ಲೇಸೆಂದು ಭಾವಿಸಿದ್ದರು. ಬಂದ ಆದೇಶ: ಫಿಟ್ಜ್‌ರಾಯ್‌ಗೆ ಮಾತ್ರ ಹೋಗಿ, ಈಗಲೇ ಹೊರಡಿ.

ಈ ಸಣ್ಣ ಬದಲಾವಣೆಯಲ್ಲಿ ಮರುದಿನದ ಗಂಟು ಅಡಗಿತ್ತು. ಹಡಗಿನ ಗುರಿ ಬದಲಾಯಿತು, ಸೈನಿಕರ ಗುರಿ ಬದಲಾಗಲಿಲ್ಲ. ಗಾರ್ಡ್ಸ್ ಅಧಿಕಾರಿಗಳಿಗೆ ಇದ್ದ ಆಜ್ಞೆ ಬ್ಲಫ್ ಕೋವ್ ಸೇರಿ ತಮ್ಮ ಬೆಟಾಲಿಯನ್ನಿನ ಉಳಿದರ್ಧವನ್ನು ಕೂಡಿಕೊಳ್ಳಬೇಕೆಂಬುದು. ಬೆಳಿಗ್ಗೆ ಕಣ್ಣುಬಿಟ್ಟು ನೋಡಿದಾಗ ಅವರು ಬೇರೆ ಊರಿನ ಮುಂದಿದ್ದರು. ನಡುವಿನ ಸೇತುವೆ ಹಾಳಾಗಿದ್ದರಿಂದ ನೆಲದಲ್ಲಿ ಬಹು ದೂರದ ಸುತ್ತು ಬಳಸಬೇಕು; ನೀರಿನ ಮೇಲಾದರೆ ಸಮೀಪ.

ದಡದಿಂದ ಸೌತ್‌ಬಿ-ಟೇಲಿಯರ್ ದೋಣಿಯಲ್ಲಿ ಬಂದು ಹಡಗು ಹತ್ತಿದರು. ಒಳಗೆ ಇಷ್ಟು ಸೈನಿಕರಿರುವುದನ್ನು ಕಂಡು ಬೆಚ್ಚಿದರು. ಸ್ಯಾನ್ ಕಾರ್ಲೋಸ್‌ನ ವಿಮಾನದಾಳಿಗಳನ್ನು ಕಣ್ಣಾರೆ ಕಂಡಿದ್ದ ಅವರು, ಎಲ್ಲರೂ ಈ ಕ್ಷಣವೇ ಇಳಿದು ಚದುರಿಕೊಳ್ಳಬೇಕೆಂದು ಒತ್ತಾಯಿಸಿದರು. ಹಡಗಿನಲ್ಲಿದ್ದ ಗಾರ್ಡ್ಸ್ ಅಧಿಕಾರಿಗಳು ಮೇಜರ್ ದರ್ಜೆಯವರು. ಸೌತ್‌ಬಿ-ಟೇಲಿಯರ್ ಅವರದ್ದೂ ಅದೇ ದರ್ಜೆ. ಅವರಿಗೆ ಹೇಳಬಹುದಿತ್ತು, ಆಜ್ಞಾಪಿಸುವ ಅಧಿಕಾರವಿರಲಿಲ್ಲ. ಹತ್ತಿರವಿದ್ದ ದೋಣಿಯಲ್ಲಿ ಅರ್ಧ ಮದ್ದುಗುಂಡು ತುಂಬಿತ್ತು, ಅದರ ಮೇಲೆ ಸೈನಿಕರನ್ನು ಕೂರಿಸುವುದು ನಿಯಮಕ್ಕೆ ವಿರುದ್ಧ. ಹಾಗಾಗಿ ದೋಣಿ ಖಾಲಿಯಾಗಿ ಬಂದು ತಮ್ಮನ್ನು ಬ್ಲಫ್ ಕೋವ್‌ಗೇ ಒಯ್ಯಲಿ ಎಂದು ಗಾರ್ಡ್ಸ್ ಅಧಿಕಾರಿಗಳು ಕಾದರು. ಖಾಲಿಯಾಗಿ ಬಂದ ದೋಣಿಯನ್ನು ವೈದ್ಯಕೀಯ ಘಟಕ ಮೊದಲು ಬಳಸಿಕೊಂಡಿತು. ಆ ಮೇಲೆ ದೋಣಿಯ ಮುಂದಿನ ಇಳಿಜಾರು ಹಲಗೆ ಕೆಟ್ಟಿತು. ಹಡಗಿನ ಹಿಂಬಾಗಿಲಿನಿಂದ ನೇರವಾಗಿ ದೋಣಿಗೆ ನಡೆದುಹೋಗುವ ಬದಲು, ಭಾರದ ಸಾಮಾನುಗಳನ್ನು ಕ್ರೇನಿನಿಂದ ಪಕ್ಕಕ್ಕೆ ಇಳಿಸಬೇಕಾಗಿ ಬಂತು. ಸೈನಿಕರು ತಮ್ಮ ಮೂಟೆಗಳ ಪಕ್ಕದಲ್ಲಿ, ವಾಹನಗಳಿಡುವ ಕೆಳ ಅಂತಸ್ತಿನಲ್ಲಿ, ಪೆಟ್ರೋಲು ಡಬ್ಬಿಗಳು ಮತ್ತು ಮಾರ್ಟರ್ ಗುಂಡುಗಳ ನಡುವೆ ಸರದಿಗಾಗಿ ಕಾದರು.

ಈ ಗಾರ್ಡ್ಸ್ ಅಧಿಕಾರಿಗಳನ್ನು ನಲವತ್ತು ವರ್ಷಗಳಿಂದ ಜನ ದೂಷಿಸುತ್ತ ಬಂದಿದ್ದಾರೆ. ಇಳಿದಿದ್ದರೆ ಅಷ್ಟು ಪ್ರಾಣ ಉಳಿಯುತ್ತಿತ್ತು ಎಂಬುದು ಸತ್ಯ, ಅದನ್ನು ಮರೆಮಾಚಬೇಕಿಲ್ಲ. ಆದರೂ ಅವರ ಜಾಗದಲ್ಲಿ ನಿಂತು ನೋಡಬೇಕು. ಒಂದು ವಾರದಲ್ಲಿ ಅವರನ್ನು ಒಮ್ಮೆ ನಡೆಸಿ ಹಿಂದಕ್ಕೆ ಕರೆದಿದ್ದರು, ಒಮ್ಮೆ ಹಡಗಿನಲ್ಲಿ ಒಯ್ದು ಹಿಂದಕ್ಕೆ ತಂದಿದ್ದರು, ಬೆಟಾಲಿಯನ್ ಎರಡು ಹೋಳಾಗಿತ್ತು. ತಪ್ಪು ಊರಿನಲ್ಲಿ ಇಳಿದರೆ ಮತ್ತೆ ದಿನಗಟ್ಟಲೆ ಅಲೆಯಬೇಕಾದೀತೆಂಬ ಅನುಮಾನಕ್ಕೆ ಅವರ ಅನುಭವವೇ ಕಾರಣ ಕೊಟ್ಟಿತ್ತು. ಸ್ಯಾನ್ ಕಾರ್ಲೋಸ್‌ನ ಭೀಕರ ವಿಮಾನದಾಳಿಗಳ ದಿನಗಳಲ್ಲಿ ಅವರು ಅಲ್ಲಿರಲಿಲ್ಲ. ಆಕಾಶದಿಂದ ಬರುವ ಅಪಾಯ ಸೌತ್‌ಬಿ-ಟೇಲಿಯರ್ ಅವರಿಗೆ ಕಂಡ ಹಾಗೆ ಅವರಿಗೆ ಕಾಣಲಿಲ್ಲ. ಇಳಿಯಿರಿ ಎಂದು ಆಜ್ಞೆ ಕೊಡಬಲ್ಲ ಒಬ್ಬ ಹಿರಿಯ ಅಧಿಕಾರಿ ಆ ಕೊಲ್ಲಿಯಲ್ಲಿ ಇರಬೇಕಿತ್ತು. ಬ್ರಿಗೇಡ್ ಕೇಂದ್ರಕ್ಕೆ ಹಡಗಿನ ಬರವು ಮೊದಲೇ ತಿಳಿದಿದ್ದರೆ ಅಂಥವರು ಇರುತ್ತಿದ್ದರೇನೋ.

ಆಕಾಶದ ಕಥೆಯೂ ಅಷ್ಟೇ ಸಿಕ್ಕಿಕೊಂಡಿತ್ತು. ಎಕ್ಸೋಸೆಯ ಭಯದಿಂದ ವುಡ್‌ವರ್ಡ್ ತಮ್ಮ ಎರಡು ವಿಮಾನವಾಹಕಗಳನ್ನು ದ್ವೀಪಗಳಿಂದ ದೂರ ಪೂರ್ವಕ್ಕೆ ಇಟ್ಟಿದ್ದರು. ಒಂದು ಮುಳುಗಿದರೂ ಯುದ್ಧವೇ ಮುಗಿದ ಹಾಗೆ ಎಂಬ ಅವರ ಎಣಿಕೆ ಸರಿಯಾದದ್ದೇ. ಅದರ ಬೆಲೆಯೆಂದರೆ ಹ್ಯಾರಿಯರ್ ವಿಮಾನಗಳು ಬಂದುಹೋಗುವುದರಲ್ಲೇ ಇಂಧನ ಕಳೆದು, ದ್ವೀಪದ ಮೇಲೆ ಸ್ವಲ್ಪ ಹೊತ್ತು ಮಾತ್ರ ಕಾವಲಿರುತ್ತಿದ್ದವು. ಜೂನ್ 8ರಂದು ಹರ್ಮಿಸ್ ಬಾಯ್ಲರುಗಳ ಶುಚಿಗಾಗಿ ಮಾಮೂಲಿಗಿಂತಲೂ ಪೂರ್ವಕ್ಕೆ ಸರಿದಿತ್ತು. ಸ್ಯಾನ್ ಕಾರ್ಲೋಸ್‌ನಲ್ಲಿ ಲೋಹದ ಹಲಗೆ ಹಾಸಿ ಮಾಡಿದ್ದ ಚಿಕ್ಕ ಓಡುದಾರಿಯೊಂದಿತ್ತು; ಹ್ಯಾರಿಯರ್‌ಗಳು ಅಲ್ಲಿಳಿದು ಇಂಧನ ತುಂಬಿಕೊಳ್ಳಬಹುದಿತ್ತು. ಅದೇ ದಿನ ಒಂದು ಹ್ಯಾರಿಯರ್ ಅಲ್ಲಿ ಅಪಘಾತಕ್ಕೀಡಾಗಿ ಆ ದಾರಿಯೂ ಮುಚ್ಚಿತು. ಹಡಗಿನಿಂದ ಇಳಿಸಿದ ರೇಪಿಯರ್ ಕ್ಷಿಪಣಿಗಳು ಸೂಕ್ಷ್ಮ ಯಂತ್ರಗಳು. ಸಮುದ್ರಯಾನದ ನಂತರ ಅವನ್ನು ಹೊಂದಿಸಿ ಸಜ್ಜುಗೊಳಿಸಲು ಹೊತ್ತು ಬೇಕು.

ಅರ್ಜೆಂಟೀನಾದವರು ಸಿಕ್ಕ ಅವಕಾಶವನ್ನು ಚೆನ್ನಾಗಿ ಬಳಸಿಕೊಂಡರು. ಮೌಂಟ್ ಹ್ಯಾರಿಯೆಟ್‌ನಿಂದ ಹೋದ ಸಂದೇಶ ಮುಖ್ಯಭೂಮಿಯ ವಾಯುಪಡೆಯನ್ನು ಮುಟ್ಟಿತು. ರಿಯೊ ಗಯೆಗೋಸ್‌ನಿಂದ ಎಂಟು ಸ್ಕೈಹಾಕ್‌ಗಳೂ ರಿಯೊ ಗ್ರಾಂಡೆಯಿಂದ ಆರು ಡ್ಯಾಗರ್ ಯುದ್ಧವಿಮಾನಗಳೂ ಹೊರಟವು. ಸ್ಕೈಹಾಕ್‌ಗಳಿಗೆ ಏಳುನೂರು ಕಿ.ಮೀ.ಗೂ ಹೆಚ್ಚಿನ ಕಡಲನ್ನು ದಾಟಲು ಆಕಾಶದಲ್ಲೇ ಇಂಧನ ತುಂಬಿಕೊಳ್ಳಬೇಕು. ಆ ಹಂತದಲ್ಲಿ ಮೂರು ಹಿಂದಿರುಗಿದವು, ಅವುಗಳಲ್ಲಿ ದಳನಾಯಕನ ವಿಮಾನವೂ ಇತ್ತು. ಉಳಿದ ಐದರ ನಾಯಕತ್ವ ಕಾರ್ಲೋಸ್ ಕಚೋನ್ ಎಂಬ ಯುವ ಅಧಿಕಾರಿಯ ಪಾಲಿಗೆ ಬಂತು. ಡ್ಯಾಗರ್‌ಗಳು ದಾರಿಯಲ್ಲಿ 'ಪ್ಲಿಮತ್' ಎಂಬ ಯುದ್ಧನೌಕೆಯ ಮೇಲೆ ಎರಗಿದವು, ಬ್ರಿಟಿಷ್ ಹ್ಯಾರಿಯರ್‌ಗಳು ಅವುಗಳ ಬೆನ್ನು ಹತ್ತಿದವು. ಫಿಟ್ಜ್‌ರಾಯ್‌ನ ಆಕಾಶ ಬರಿದಾಯಿತು. ಕಚೋನ್ ತಂಡಕ್ಕೆ ಮೊದಲ ನೋಟದಲ್ಲಿ ಹಡಗುಗಳು ಸಿಗಲಿಲ್ಲ. ನೆಲದಿಂದ ಬಂದ ಗುಂಡುಗಳ ನಡುವೆ ತಿರುಗಿ ಹೊರಡುವಾಗ ಕೊಲ್ಲಿಯಲ್ಲಿ ಪಟಸ್ತಂಭಗಳು ಕಂಡವು.

ಬಾಂಬುಗಳು ಗ್ಯಾಲಹಾಡ್‌ನ ಒಳಹೊಕ್ಕವು. ಕೆಳ ಅಂತಸ್ತಿನಲ್ಲಿ ಬೆಂಕಿಯ ಉಂಡೆ ಹೊರಳಿತು. ಸತ್ತವರಿಗಿಂತ ಹೆಚ್ಚು ಮಂದಿ ಕೈ ಮುಖ ಸುಟ್ಟುಕೊಂಡರು. ದಡದಲ್ಲಿದ್ದವರು ಕಂಡ ಒಂದು ದೃಶ್ಯವನ್ನು ಚಲನಚಿತ್ರ ಕ್ಯಾಮೆರಾ ಹಿಡಿದಿಟ್ಟಿದೆ: ಸೀ ಕಿಂಗ್ ಹೆಲಿಕಾಪ್ಟರುಗಳು ದಟ್ಟ ಕರಿಹೊಗೆಯೊಳಗೆ ನುಗ್ಗಿ ಜನರನ್ನು ಒಬ್ಬೊಬ್ಬರಾಗಿ ಎತ್ತುತ್ತಿವೆ, ಗಾಳಿಗೆ ಉರಿಯುವ ಹಡಗಿನ ಕಡೆಗೇ ಸೆಳೆದುಹೋಗುತ್ತಿದ್ದ ರಕ್ಷಣಾ ತೆಪ್ಪಗಳ ಹಿಂದೆ ಒಂದು ಹೆಲಿಕಾಪ್ಟರ್ ನೀರಿಗೆ ತಾಗುವಷ್ಟು ಕೆಳಗಿಳಿದು, ತನ್ನ ರೆಕ್ಕೆಗಳ ಗಾಳಿಯಿಂದ ಅವನ್ನು ದಡದ ಕಡೆಗೆ ತಳ್ಳುತ್ತಿದೆ. ಆ ಹಡಗಿನಲ್ಲಿ ಮದ್ದುಗುಂಡು ಸಿಡಿಯುತ್ತಲೇ ಇತ್ತು. ಏಜಾಕ್ಸ್ ಬೇ ಎಂಬಲ್ಲಿ ಹಳೆಯ ಮಾಂಸ ಶೀತಲಗೃಹವೊಂದರಲ್ಲಿ ಶಸ್ತ್ರವೈದ್ಯ ರಿಕ್ ಜಾಲಿ ನಡೆಸುತ್ತಿದ್ದ ಆಸ್ಪತ್ರೆಗೆ ಗಾಯಾಳುಗಳ ಪ್ರವಾಹ ಬಂತು. ಸುಟ್ಟ ಕೈಗಳಿಗೆ ಬಿಳಿ ಮುಲಾಮು ಹಚ್ಚಿ ಪ್ಲಾಸ್ಟಿಕ್ ಚೀಲದೊಳಗೆ ಇರಿಸುತ್ತಿದ್ದರು.

ಆ ಸಂಜೆ ಬ್ರಿಗೇಡಿನ ವಾಹನಗಳನ್ನು ಹೊತ್ತು ಬರುತ್ತಿದ್ದ ದೋಣಿಯ ಮೇಲೆ ಮತ್ತೊಂದು ಸ್ಕೈಹಾಕ್ ತಂಡ ಎರಗಿ ಆರು ಮಂದಿಯನ್ನು ಕೊಂದಿತು. ಈ ಬಾರಿ ಹ್ಯಾರಿಯರ್‌ಗಳು ಮೇಲಿದ್ದವು. ನಾಲ್ಕರಲ್ಲಿ ಮೂರು ಸ್ಕೈಹಾಕ್‌ಗಳು 'ಹರ್ಮಿಸ್'ನ ವಿಮಾನಗಳ ಕ್ಷಿಪಣಿಗೆ ಉರುಳಿದವು.

ಒಬ್ಬರ ಕಣ್ಣಿಗೂ ಬೀಳದ ಚಿತ್ರ

ವುಡ್‌ವರ್ಡ್, ಕ್ಲ್ಯಾಪ್ ಮತ್ತು ನೆಲದ ಸೇನಾನಾಯಕ ಮೂವರೂ ಒಬ್ಬರ ಕೈಕೆಳಗೊಬ್ಬರಿರದೆ, ನೇರವಾಗಿ ಸುಮಾರು 13,000 ಕಿ.ಮೀ. ದೂರದ ನಾರ್ತ್‌ವುಡ್‌ಗೆ ಉತ್ತರ ಹೇಳಬೇಕಾದ ವ್ಯವಸ್ಥೆ ಇತ್ತು. ದ್ವೀಪಗಳ ಬಳಿ ಕಡಲು, ನೆಲ, ಆಕಾಶ ಮೂರನ್ನೂ ಒಟ್ಟಿಗೆ ತೂಗಿ 'ಇದು ಬೇಡ' ಎನ್ನಬಲ್ಲ ಒಬ್ಬ ವ್ಯಕ್ತಿ ಇರಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಈ ಪ್ರಕರಣದ ಬೇರು ಇಲ್ಲಿದೆ. ವಿಲ್ಸನ್ ನೆಲವನ್ನು ನೋಡಿದರು, ನೆಲದ ಲೆಕ್ಕ ಅವರಿಗೆ ಕೂಡಿಬಂತು. ಫೀಲ್ಡ್‌ಹೌಸ್ ದೊಡ್ಡ ನೌಕೆಗಳನ್ನು ನೋಡಿದರು, ವುಡ್‌ವರ್ಡ್ ವಿಮಾನವಾಹಕಗಳನ್ನು ನೋಡಿದರು, ಕ್ಲ್ಯಾಪ್ ಅವರ ಸಿಬ್ಬಂದಿ ಮುಂದೂಡಿದ ಸಾಗಣೆಯನ್ನು ನೋಡಿದರು. ಗ್ಯಾಲಹಾಡ್‌ನ ಕೆಳ ಅಂತಸ್ತಿನಲ್ಲಿ ಕೂತವರನ್ನು ಈ ನಾಲ್ಕು ನೋಟಗಳೂ ಸೇರುವ ಬಿಂದುವಿನಲ್ಲಿ ನಿಂತು ನೋಡಿದವರಿಲ್ಲ. ಮೂರ್ ಅವರು ಸ್ಯಾನ್ ಕಾರ್ಲೋಸ್‌ನಲ್ಲಿದ್ದರೂ ಅವರಿಗೆ ನೌಕೆಗಳ ಮೇಲೆ ಅಧಿಕಾರವಿರಲಿಲ್ಲ. ವಿಲ್ಸನ್ ಅವರ ಜಿಗಿತವನ್ನು ತಡೆಯುವಷ್ಟು ಬೇಗ ಅದು ಅವರಿಗೆ ತಿಳಿದಿರಲೂ ಇಲ್ಲ.

ಅರ್ಜೆಂಟೀನಾದ ಕಡೆ ಇದರ ಕನ್ನಡಿ ಪ್ರತಿಬಿಂಬವೇ ಕಾಣುತ್ತದೆ. ಅವರ ವೈಮಾನಿಕರು ಯುದ್ಧದ ಅತ್ಯಂತ ಯಶಸ್ವಿ ದಾಳಿಗಳಲ್ಲೊಂದನ್ನು ನಡೆಸಿದರು, ಆದರೆ ಸ್ಟ್ಯಾನ್ಲಿಯ ಸುತ್ತ ಕಂದಕಗಳಲ್ಲಿ ಕೂತಿದ್ದ ಜನರಲ್ ಮೆನೆಂಡೆಸ್ ಅವರ ಸೇನೆ, ಗೊಂದಲದಲ್ಲಿ ಮುಳುಗಿದ್ದ ಫಿಟ್ಜ್‌ರಾಯ್‌ನತ್ತ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಬ್ರಿಟಿಷರು ಸಾವಿನ ಸಂಖ್ಯೆಯನ್ನು ಕೆಲವು ದಿನ ಬಹಿರಂಗಪಡಿಸದೆ, ತಮ್ಮ ದಾಳಿ ಬಹಳ ತಡವಾಗುತ್ತದೆಂದು ಎದುರಾಳಿ ನಂಬುವ ಹಾಗೆ ನೋಡಿಕೊಂಡರು. ಮನೆಯಲ್ಲಿ ಸುದ್ದಿಗಾಗಿ ಕಾದಿದ್ದ ತಾಯಂದಿರಿಗೆ ಆ ಮೌನ ಏನು ಮಾಡಿರಬಹುದು ಎಂದು ಊಹಿಸಬಹುದು. ಯುದ್ಧದ ದೃಷ್ಟಿಯಿಂದ ಅದು ಫಲ ಕೊಟ್ಟಿತು.

ಜೂನ್ 11ರ ರಾತ್ರಿ ಲಾಂಗ್‌ಡನ್, ಟೂ ಸಿಸ್ಟರ್ಸ್ ಮತ್ತು ಹಡಗುಗಳನ್ನು ಕಂಡು ಸುದ್ದಿ ಕೊಟ್ಟಿದ್ದ ಅದೇ ಹ್ಯಾರಿಯೆಟ್ ಬೆಟ್ಟಗಳು ಬ್ರಿಟಿಷರ ವಶವಾದವು. 13ರ ರಾತ್ರಿ ಟಂಬಲ್‌ಡೌನ್ ಬೆಟ್ಟವನ್ನು ಗೆದ್ದದ್ದು ಎಂಟು ದಿನಗಳ ಹಿಂದೆ ತೆರೆದ ದೋಣಿಯಲ್ಲಿ ನೆನೆದಿದ್ದ ಸ್ಕಾಟ್ಸ್ ಗಾರ್ಡ್ಸ್. ವೆಲ್ಷ್ ಗಾರ್ಡ್ಸ್‌ನಲ್ಲಿ ಉಂಟಾದ ತೆರವನ್ನು 40ನೇ ಕಮಾಂಡೊದ ಎರಡು ಕಂಪನಿಗಳು ತುಂಬಿದವು. ಜೂನ್ 14ರಂದು ಮೆನೆಂಡೆಸ್ ಶರಣಾದರು. ಟ್ರಿಸ್ಟ್ರಮ್ ಅನ್ನು ಬ್ರಿಟನ್ನಿಗೆ ಒಯ್ದು ರಿಪೇರಿ ಮಾಡಿದರು, 1985ರಲ್ಲಿ ಅದು ಮತ್ತೆ ಕೆಲಸಕ್ಕೆ ಬಂತು. ಗ್ಯಾಲಹಾಡ್ ಅನ್ನು ಅದೇ ಜೂನ್ ತಿಂಗಳಲ್ಲಿ ಆಳದ ಕಡಲಿಗೆ ಎಳೆದೊಯ್ದು, ಒಳಗೆ ಉಳಿದವರ ಸಮಾಧಿಯೆಂದು ಘೋಷಿಸಿ, 'ಆನಿಕ್ಸ್' ಎಂಬ ಜಲಾಂತರ್ಗಾಮಿಯ ಟಾರ್ಪಿಡೊದಿಂದ ಮುಳುಗಿಸಲಾಯಿತು. ಫಿಟ್ಜ್‌ರಾಯ್‌ನ ದಡದಲ್ಲಿ, ಆ ಬೆಳಿಗ್ಗೆ ದೋಣಿ ಬಂದು ತಾಗಬೇಕಿದ್ದ ನೀರಿಗೆ ಮುಖಮಾಡಿ, ವೆಲ್ಷ್ ಗಾರ್ಡ್ಸ್‌ನ ಸ್ಮಾರಕ ಶಿಲುಬೆ ನಿಂತಿದೆ.